ಪೆನಿಸಿಲಿನ್ ಅಳೆದ ಗಾಜಿನ ತಟ್ಟೆ

1941ರ ಫೆಬ್ರವರಿ. ಆಕ್ಸ್‌ಫರ್ಡ್‌ನ ಡನ್ ಸ್ಕೂಲ್ ಆಫ್ ಪೆಥಾಲಜಿಯ ಕಿಟಕಿಗಳಿಗೆಲ್ಲ ಕಪ್ಪು ಪರದೆ ಬಿದ್ದಿದೆ. ಜರ್ಮನ್ ವಿಮಾನಗಳ ಭಯಕ್ಕೆ ಊರಿಗೆ ಊರೇ ಕತ್ತಲು. ಒಳಗೆ ಮಾತ್ರ ದೀಪ ಉರಿಯುತ್ತಿದೆ, ದ್ರಾವಕಗಳ ಘಾಟು ಮೂಗಿಗೆ ಬಡಿಯುತ್ತಿದೆ. ಮೇಜಿನ ಮುಂದೆ ನಿಂತಿರುವ ತೆಳ್ಳನೆಯ ಯುವಕ ನಾರ್ಮನ್ ಹೀಟ್ಲಿ. ವಯಸ್ಸು 30.

ಅವರ ಪಕ್ಕಕ್ಕೆ ಬಂದು ನಿಂತು ಕೈಗಳನ್ನೇ ನೋಡಿ. ಪೆಟ್ರಿ ತಟ್ಟೆಯಲ್ಲಿ ಅಗರ್ ಹೆಪ್ಪುಗಟ್ಟಿದೆ. ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಇರುವ ದ್ರವವನ್ನು ಅದರ ಮೇಲೆ ಸುರಿದು, ಎಲ್ಲ ಕಡೆ ಹರಡಿ, ಹೆಚ್ಚಾದದ್ದನ್ನು ಬಸಿದು ಒಣಗಿಸಿದ್ದಾರೆ. ಈಗ ಚಿಮಟದಲ್ಲಿ ಒಂದೊಂದೇ ಗಾಜಿನ ಕೊಳವೆ ಎತ್ತಿ ಅಗರ್ ಮೇಲೆ ನೆಟ್ಟಗೆ ನಿಲ್ಲಿಸುತ್ತಿದ್ದಾರೆ. ಎರಡೂ ಕಡೆ ತೆರೆದಿರುವ ಗಿಡ್ಡ ಕೊಳವೆ. ಕೆಳಗಿನ ಅಂಚನ್ನು ಓರೆಯಾಗಿ ಉಜ್ಜಿರುವುದರಿಂದ ಅದು ಅಗರ್‌ಗೆ ಕಚ್ಚಿಕೊಳ್ಳುತ್ತದೆ, ಒಳಗಿನ ದ್ರವ ಬುಡದಲ್ಲಿ ಸೋರುವುದಿಲ್ಲ. ಒಂದಕ್ಕೆ ಶಕ್ತಿ ಗೊತ್ತಿರುವ ಪೆನಿಸಿಲಿನ್ ದ್ರಾವಣ ತುಂಬುತ್ತಾರೆ, ಇನ್ನೊಂದಕ್ಕೆ ಅದನ್ನೇ ತೆಳುಮಾಡಿದ್ದು, ಮತ್ತೊಂದಕ್ಕೆ ಲ್ಯಾಬಿನಲ್ಲಿ ಹೊಸದಾಗಿ ತೆಗೆದ ಪುಡಿ ಕರಗಿಸಿದ್ದು. ಕೊನೆಯದಕ್ಕೆ, ರ‍್ಯಾಡ್‌ಕ್ಲಿಫ್ ಆಸ್ಪತ್ರೆಯ ವಾರ್ಡಿನಿಂದ ಬಂದ ಮೂತ್ರ. ತಟ್ಟೆ 37 ಡಿಗ್ರಿಯ ಇನ್‌ಕ್ಯುಬೇಟರ್ ಸೇರುತ್ತದೆ. ಇನ್ನು ಬೆಳಗಿನವರೆಗೆ ಕಾಯಬೇಕು.

ತಕ್ಕಡಿಯಲ್ಲಿ ತೂಗಿದರೆ ಆಗದೇ? ಆಗದು. ಅವರ ಕೈಯಲ್ಲಿರುವ ಕಂದು ಪುಡಿಯಲ್ಲಿ ಪೆನಿಸಿಲಿನ್ ಇರುವುದು ಚೂರೇ ಚೂರು, ಉಳಿದದ್ದೆಲ್ಲ ಕಲ್ಮಶ. ಆ ಅಣುವಿನ ರಚನೆ ಹೇಗಿದೆ ಎಂಬುದೂ ಇನ್ನೂ ಯಾರಿಗೂ ಗೊತ್ತಿಲ್ಲ. ರಕ್ತದಲ್ಲೋ ಮೂತ್ರದಲ್ಲೋ ಅದನ್ನು ಹುಡುಕುವುದಂತೂ ದೂರದ ಮಾತು. ಆದ್ದರಿಂದ ಹೀಟ್ಲಿ ವಸ್ತುವನ್ನು ಬಿಟ್ಟು ಅದು ಮಾಡುವ ಕೆಲಸವನ್ನೇ ಅಳೆಯುತ್ತಿದ್ದಾರೆ.

ಬೆಳಗಾಯಿತು. ತಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ರಾತ್ರಿಯಿಡೀ ಬ್ಯಾಕ್ಟೀರಿಯಾ ಬೆಳೆದು ಅಗರ್ ಮಬ್ಬಾಗಿದೆ. ಕೊಳವೆಗಳ ಸುತ್ತ ಮಾತ್ರ ತಿಳಿಯಾದ ವೃತ್ತಗಳು. ಕೊಳವೆಯಿಂದ ಇಳಿದು ಹರಡಿದ ಪೆನಿಸಿಲಿನ್ ಅಷ್ಟು ಜಾಗದಲ್ಲಿ ಒಂದು ಬ್ಯಾಕ್ಟೀರಿಯಾವನ್ನೂ ಬೆಳೆಯಗೊಟ್ಟಿಲ್ಲ. ಹೀಟ್ಲಿ ವೃತ್ತದ ಅಡ್ಡಗಲ ಅಳೆದು ಬರೆದುಕೊಳ್ಳುತ್ತಾರೆ. ಔಷಧ ಇಮ್ಮಡಿಯಾದರೆ ವೃತ್ತ ಇಮ್ಮಡಿಯಾಗುವುದಿಲ್ಲ, ತುಸುವೇ ಹಿಗ್ಗುತ್ತದೆ. ಹಾಗಾಗಿ ಅಳತೆಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ಲೆಕ್ಕದಲ್ಲಿ ದೊಡ್ಡ ತಪ್ಪಾಗುತ್ತದೆ. ಗೊತ್ತಿರುವ ದ್ರಾವಣಗಳ ವೃತ್ತಗಳಿಂದ ಗ್ರಾಫ್ ಎಳೆದು, ಗೊತ್ತಿಲ್ಲದ್ದರ ಶಕ್ತಿಯನ್ನು ಅದರಲ್ಲಿ ಓದುತ್ತಾರೆ. ಆ ಅಳತೆಗೆ ‘ಆಕ್ಸ್‌ಫರ್ಡ್ ಯೂನಿಟ್’ ಎಂದು ಹೆಸರು.

ಇಂದಿಗೂ ಭಾರತೀಯ ಔಷಧಕೋಶದಲ್ಲಿ ಆ್ಯಂಟಿಬಯಾಟಿಕ್‌ಗಳ ಶಕ್ತಿ ಅಳೆಯಲು ಹೇಳಿರುವ ವಿಧಾನಗಳಲ್ಲಿ ಈ ಕೊಳವೆ-ತಟ್ಟೆಯೂ ಒಂದು. ಆದರೂ 1945ರ ನೊಬೆಲ್ ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್, ಆಕ್ಸ್‌ಫರ್ಡ್ ತಂಡದ ಮುಖ್ಯಸ್ಥ ಫ್ಲೋರಿ, ಅದೇ ತಂಡದ ಚೇನ್ ಮೂವರಿಗೆ ಸಂದಿತು, ಹೀಟ್ಲಿಯವರಿಗೆ ಸಿಗಲಿಲ್ಲ. ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಯಾವ ಪುಡಿಯಲ್ಲಿ ಜೀವವಿದೆ, ಯಾವುದರಲ್ಲಿಲ್ಲ ಎಂದು ಹೇಳುವವರಿಲ್ಲದಿದ್ದರೆ ಉಳಿದವರ ದುಡಿಮೆಯೆಲ್ಲ ಕುರುಡಾಗುತ್ತಿತ್ತು.

ಈಗ ಆ ಮೂತ್ರ ಬಂದ ವಾರ್ಡಿಗೆ ಬನ್ನಿ. ಹಾಸಿಗೆಯಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಆಲ್ಬರ್ಟ್ ಅಲೆಕ್ಸಾಂಡರ್, 43 ವರ್ಷ. ಮುಖ, ತಲೆಯೆಲ್ಲ ಕೀವು, ಒಂದು ಕಣ್ಣನ್ನು ತೆಗೆದುಹಾಕಿದ್ದಾರೆ. ಫೆಬ್ರವರಿ 12ರಂದು ಡಾ. ಚಾರ್ಲ್ಸ್ ಫ್ಲೆಚರ್ 200 ಮಿಲಿಗ್ರಾಂ ಪೆನಿಸಿಲಿನ್ ಕೊಡುತ್ತಾರೆ, ಆಮೇಲೆ ಮೂರು ಗಂಟೆಗೊಮ್ಮೆ 100. ಒಂದೇ ದಿನದಲ್ಲಿ ಚೇತರಿಕೆ ಕಾಣುತ್ತದೆ. ಜ್ವರ ಇಳಿಯುತ್ತದೆ, ಕೀವು ಕಡಿಮೆಯಾಗುತ್ತದೆ, ಊಟ ಸೇರುತ್ತದೆ.

ಆದರೆ ಮೂತ್ರ ತುಂಬಿದ ಕೊಳವೆಯ ಸುತ್ತ ಎಷ್ಟು ಅಗಲದ ವೃತ್ತ ಎದ್ದಿದೆ ನೋಡಿ. ಕೊಟ್ಟ ಔಷಧದ ಬಹುಪಾಲನ್ನು ಮೂತ್ರಪಿಂಡಗಳು ಬೇಗಬೇಗನೆ ಹೊರಹಾಕುತ್ತಿವೆ. ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ಮೂರು ಗಂಟೆಗೊಮ್ಮೆ ಸೂಜಿ ಚುಚ್ಚದೆ ವಿಧಿಯಿಲ್ಲದ್ದು ಅದಕ್ಕೇ. ಅದೇ ವೃತ್ತ ಇನ್ನೊಂದನ್ನೂ ಹೇಳುತ್ತಿದೆ: ಹೊರಬಂದ ಪೆನಿಸಿಲಿನ್ ಕೆಟ್ಟಿಲ್ಲ. ಹಾಗಾದರೆ ಚೆಲ್ಲುವುದೇಕೆ? ಮೂತ್ರದ ಬಾಟಲಿಗಳು ಸೈಕಲ್ ಏರಿ ಡನ್ ಸ್ಕೂಲಿಗೆ ಬರುತ್ತವೆ. ಆಮ್ಲ ಬೆರೆಸಿ, ದ್ರಾವಕಕ್ಕೆ ಎಳೆದು, ಮತ್ತೆ ನೀರಿಗೆ ಇಳಿಸಿ, ಅದರಿಂದಲೇ ಪೆನಿಸಿಲಿನ್ ತೆಗೆದು ಅದೇ ರೋಗಿಗೆ ಮರಳಿ ಕೊಡುತ್ತಾರೆ. ಪ್ರತಿ ಸುತ್ತಿನಲ್ಲೂ ಒಂದಷ್ಟು ನಷ್ಟವಾಗುತ್ತದೆ. ಐದು ದಿನಕ್ಕೆ ಎಲ್ಲವೂ ಮುಗಿಯಿತು. ಒಟ್ಟು ಕೊಟ್ಟದ್ದು 4.4 ಗ್ರಾಂ. ಕೆಲವು ದಿನ ಸುಧಾರಿಸಿದ ಅಲೆಕ್ಸಾಂಡರ್ ಮತ್ತೆ ಕುಸಿದರು, ಮಾರ್ಚ್ 15ರಂದು ತೀರಿಕೊಂಡರು. ಔಷಧ ಸೋತದ್ದಲ್ಲ, ಸಾಲದೆ ಹೋದದ್ದು. ಅದು ಎಲ್ಲರಿಗೂ ಸ್ಪಷ್ಟವಿತ್ತು. ಅಲ್ಲಿಂದ ಮುಂದೆ ಫ್ಲೋರಿ ಹೆಚ್ಚಾಗಿ ಮಕ್ಕಳನ್ನೇ ಆರಿಸಿಕೊಂಡರು. ಮೈ ಚಿಕ್ಕದಾದರೆ ಇರುವಷ್ಟು ಪುಡಿ ಹೆಚ್ಚು ದಿನ ಬರುತ್ತದೆ.

ಆ ವರ್ಷದ ಬೇಸಿಗೆಯಲ್ಲಿ ಫ್ಲೋರಿ ಮತ್ತು ಹೀಟ್ಲಿ ಪೆನಿಸಿಲಿನ್ ಸೂಸುವ ಬೂಷ್ಟಿನೊಂದಿಗೆ ಅಮೆರಿಕಕ್ಕೆ ಹೋದರು. ಇಲಿನಾಯ್‌ನ ಪಿಯೋರಿಯಾದ ಸರ್ಕಾರಿ ಲ್ಯಾಬಿನಲ್ಲಿ ಆಂಡ್ರ್ಯೂ ಮಾಯರ್ ಅವರು ಮೆಕ್ಕೆಜೋಳದ ಪಿಷ್ಟ ತೆಗೆದಾಗ ಉಳಿಯುವ ನೆನೆಸಿದ ನೀರನ್ನು ಬೂಷ್ಟಿಗೆ ಉಣಿಸಿದರು. ಯೂನಿಟ್‌ಗಳ ಲೆಕ್ಕ ಮೇಲೇರತೊಡಗಿತು. ಅಲೆಕ್ಸಾಂಡರ್‌ಗೆ ಸಾಲದೆ ಹೋದ ಔಷಧ ಕಾರ್ಖಾನೆಗಳಲ್ಲಿ ತಯಾರಾಗುವ ದಾರಿ ತೆರೆದದ್ದು ಅಲ್ಲಿಂದ.