ರೈನ್ ನದಿಯಾಚೆಯ ಪಿನೋ ನ್ವಾರ್

ಫ್ರಾನ್ಸಿನ ಬೋನ್ ಪಟ್ಟಣದಿಂದ ಉತ್ತರಕ್ಕೆ ಹೊರಟರೆ ಎಡಗಡೆ ಉದ್ದಕ್ಕೂ ದ್ರಾಕ್ಷಿ ತೋಟಗಳ ಇಳಿಜಾರು. ಇದು ಬರ್ಗಂಡಿಯ ಕೋಟ್ ದೋರ್. ಡಿಜಾನ್ ಅಂಚಿನಿಂದ ಬೋನ್ ದಾಟಿ ದಕ್ಷಿಣದವರೆಗೆ ಸುಮಾರು 50 ಕಿಲೋಮೀಟರ್ ಹಬ್ಬಿದೆ. ಅಗಲ ಕೆಲವೆಡೆ ಒಂದು ಕಿಲೋಮೀಟರೂ ಇಲ್ಲ. ಪಿನೋ ನ್ವಾರ್ ದ್ರಾಕ್ಷಿ ಹೆಸರಾದದ್ದು ಈ ಕಿರಿದಾದ ಪಟ್ಟಿಯಲ್ಲೇ. 1395ರಲ್ಲಿ ಇಲ್ಲಿನ ಡ್ಯೂಕ್ ಫಿಲಿಪ್, ಹೆಚ್ಚು ಫಸಲು ಕೊಡುವ ಗಾಮೇ ಬಳ್ಳಿಗಳನ್ನು ಕಿತ್ತುಹಾಕಿ ಪಿನೋವನ್ನೇ ಉಳಿಸಿಕೊಳ್ಳಿ ಎಂದು ಆಜ್ಞೆ ಹೊರಡಿಸಿದ್ದ. ಒಬ್ಬ ದೊರೆ ಫಸಲು ಕಡಿಮೆಯಾದರೂ ಸರಿ, ರುಚಿ ಕೆಡಬಾರದು ಎಂದು ಹಟ ಹಿಡಿದ ನೆಲದಲ್ಲಿ ನಡೆಯುತ್ತಿದ್ದೇನೆ ಎಂಬುದೇ ನನಗೆ ರೋಮಾಂಚನ.

ವೂಜೋ ಊರಿನಲ್ಲಿ ಸಿಸ್ಟರ್ಶಿಯನ್ ಸನ್ಯಾಸಿಗಳು ಕಟ್ಟಿದ ಕಲ್ಲುಗೋಡೆ ಇಂದಿಗೂ ನಿಂತಿದೆ. ಒಳಗೆ ಸುಮಾರು 50 ಹೆಕ್ಟೇರ್ ತೋಟ, ಅದಕ್ಕೆ ಸುಮಾರು 80 ಒಡೆಯರು. ಫ್ರೆಂಚ್ ಕ್ರಾಂತಿಯ ಕಾಲಕ್ಕೆ ಮಠದ ಕೈತಪ್ಪಿದ ಈ ಭೂಮಿ ಮುಂದೆ ಮಾರಾಟ, ಪಾಲುಗಳಲ್ಲಿ ಹರಿದು ಹಂಚಿಹೋಯಿತು. ಕೆಲವರ ಪಾಲಿಗೆ ಉಳಿದದ್ದು ನಾಲ್ಕಾರು ಸಾಲು ಬಳ್ಳಿ ಮಾತ್ರ. ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ, ವೋನ್-ರೊಮಾನೆಯಲ್ಲಿ, ಮೋಟು ಗೋಡೆಯ ಮೇಲೊಂದು ಕಲ್ಲಿನ ಶಿಲುಬೆ. ಅದರ ಹಿಂದಿರುವುದೇ ರೊಮಾನೆ-ಕೊಂತಿ: ಬರೀ 1.8 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಎಕರೆಗೆ ಸ್ವಲ್ಪ ಕಡಿಮೆ. ಇಲ್ಲಿಯ ಒಂದು ಬಾಟಲಿಗೆ ಲಕ್ಷಗಟ್ಟಲೆ ರೂಪಾಯಿ. ಜಗತ್ತಿನ ಸಿರಿವಂತರೆಲ್ಲ ಕಣ್ಣಿಟ್ಟ ಹೊಲ ಹೊಸಕೋಟೆ ಕಡೆಯ ಒಬ್ಬ ರೈತನ ಹಿಡುವಳಿಯಷ್ಟೇ ಇದೆ!

ಇಳಿಜಾರಿನ ನಡುಭಾಗದ್ದು ದುಬಾರಿ ವೈನ್. ಕೆಳಕ್ಕಿಳಿದಂತೆ ದರವೂ ಇಳಿಯುತ್ತದೆ. ಹೆದ್ದಾರಿ ದಾಟಿ ಬಯಲಿಗೆ ಬಂದರೆ ಬಹುಪಾಲು ಬಾಟಲಿಗಳ ಮೇಲೆ ಬೂರ್ಗೊಞ್, ಅಂದರೆ ಬರ್ಗಂಡಿ, ಎಂದಷ್ಟೇ ಇರುತ್ತದೆ. ಮೇಲೆ ಸುಣ್ಣಕಲ್ಲು ಬೆರೆತ ತೆಳು ಮಣ್ಣು, ನೀರು ಬಸಿದುಹೋಗುವ ಓರೆ, ಬೆಳಗಿನ ಬಿಸಿಲು. ಕೆಳಗೆ ದಪ್ಪ ಮಣ್ಣು, ನಿಲ್ಲುವ ತೇವ. ಅಷ್ಟೇ ವ್ಯತ್ಯಾಸ. ಹೀಗೆ ಹೆಸರಿಟ್ಟು ಗಡಿ ಹಾಕಿದ 1,247 ತುಂಡು ತೋಟಗಳಿರುವ ಈ ನಾಡನ್ನು ಯುನೆಸ್ಕೊ 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಣ್ಣು ತುಂಬಿತು; ಆದರೆ ಸಾಧಾರಣ ಸಂಬಳದವರು ವಾರಕ್ಕೊಮ್ಮೆ ಊಟದ ಜೊತೆ ಕುಡಿಯಬಹುದಾದ ಪಿನೋ ಎಲ್ಲಿದೆ? ಅದನ್ನು ಹುಡುಕಿಕೊಂಡೇ ಡಿಜಾನ್‌ನಲ್ಲಿ ರೈಲು ಹತ್ತಿ, ಮುಲೂಸ್ ಮೇಲೆ ರೈನ್ ನದಿ ದಾಟಿ ಜರ್ಮನಿಯ ಫ್ರೈಬುರ್ಗ್ ಸೇರಿದೆ. ಪಿನೋ ನ್ವಾರ್ ಬೆಳೆಯುವುದರಲ್ಲಿ ಫ್ರಾನ್ಸ್, ಅಮೆರಿಕ ಬಿಟ್ಟರೆ ಜರ್ಮನಿಯೇ ಮುಂದು. ಇಲ್ಲಿ ಅದನ್ನು ಶ್ಪೇಟ್‌ಬುರ್ಗುಂಡರ್ ಎನ್ನುತ್ತಾರೆ.

ಫ್ರೈಬುರ್ಗ್‌ನಿಂದ ಚಿಕ್ಕ ರೈಲಿನಲ್ಲಿ ಹೊರಟರೆ ರೈನ್ ಬಯಲಿನ ನಡುವೆ ಕೈಸರ್‌ಶ್ಟೂಲ್ ಬೆಟ್ಟ ಎದ್ದು ನಿಲ್ಲುತ್ತದೆ. ಎಂದೋ ಆರಿಹೋದ ಜ್ವಾಲಾಮುಖಿ ಅದು. ಹಿಮಯುಗದ ಗಾಳಿ ಹೊತ್ತು ತಂದ ಲೋಯೆಸ್ ಎಂಬ ಹಳದಿ ಮಣ್ಣು ಅದರ ಮೇಲೆ ಹಲವು ಮೀಟರ್ ದಪ್ಪ ಕೂತಿದೆ. ಶತಮಾನಗಳ ಕಾಲ ಗಾಡಿಗಳು ಓಡಾಡಿ ಆ ಮಣ್ಣಿನಲ್ಲಿ ಆಳವಾದ ಓಣಿಗಳಾಗಿವೆ. ಅಂಥದೊಂದು ಓಣಿಗೆ ಇಳಿದರೆ ಎರಡೂ ಕಡೆ ಮಣ್ಣಿನ ಗೋಡೆ ತಲೆಗಿಂತ ಎತ್ತರ. ಗೋಡೆಯ ತುಂಬ ಕಾಡುಜೇನುಗಳು ಕೊರೆದ ತೂತು.

ಈರಿಂಗನ್ ಊರಿನ ಮೇಲಣ ತೋಟದಲ್ಲಿ ಕೊಯ್ಲು ನಡೆದಿತ್ತು. ಹಿರಿಯ ಬೆಳೆಗಾರರೊಬ್ಬರು ಗೊಂಚಲೊಂದನ್ನು ಕತ್ತರಿಸಿ ನನ್ನ ಅಂಗೈಯಲ್ಲಿಟ್ಟರು. ಹಣ್ಣುಗಳ ನಡುವೆ ಗಾಳಿ ಆಡಲೂ ಜಾಗವಿಲ್ಲ. ಬೆರಳಿನಿಂದ ಒತ್ತಿದರೆ ತೆಳು ಸಿಪ್ಪೆ ಬಿರಿಯಿತು. ಮಳೆ ಹೊಯ್ದರೆ ಒಳಗೆ ನೀರು ನಿಂತು ಕೊಳೆಯುತ್ತದೆ, ವಸಂತದಲ್ಲಿ ಬೇಗ ಚಿಗುರುವುದರಿಂದ ಹಿಮ ಸುಡುತ್ತದೆ ಎಂದರು. ಇಷ್ಟು ನಾಜೂಕಿನ ಬೆಳೆ ಅಗ್ಗಕ್ಕೆ ಸಿಗುವುದಾದರೂ ಹೇಗೆ? ಇದಕ್ಕೆ ಉತ್ತರ ಸಹಕಾರ ಸಂಘ. ಚೂರುಪಾರು ತೋಟದ ಮನೆಗಳೆಲ್ಲ ತಮ್ಮ ಹಣ್ಣನ್ನು ಸಂಘದ ತೊಟ್ಟಿಗೆ ಸುರಿಯುತ್ತವೆ. ಯಂತ್ರ, ನೆಲಮಾಳಿಗೆ, ಪೀಪಾಯಿಗಳ ಖರ್ಚು ಎಲ್ಲರ ಮೇಲೂ ಹಂಚಿಕೆಯಾಗುತ್ತದೆ. ಹಾಗಾಗಿ ಹತ್ತು ಯೂರೋ ಆಸುಪಾಸಿಗೇ ಅಚ್ಚುಕಟ್ಟಾದ ಬಾಟಲಿ ಸಿಗುತ್ತದೆ.

ಸಂಜೆ ಬೆಳೆಗಾರರ ಮನೆಯಂಗಳದ ಶ್ಟ್ರೌಸಿಗೆ ಹೋದೆ. ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ತಿಂಗಳು ತೆರೆಯಬಹುದು, 40 ಆಸನ ಮೀರಬಾರದು ಎಂಬ ಕಟ್ಟಳೆಯ ಚಿಕ್ಕ ವೈನ್ ಮನೆ ಇದು. ಈರುಳ್ಳಿ ಹಾಕಿ ಬೇಯಿಸಿದ ಬಿಸಿಬಿಸಿ ತ್ಸ್ವೀಬೆಲ್‌ಕೂಹನ್ ಜೊತೆಗೆ ಕಾಲು ಲೀಟರ್ ಕೆಂಪು ವೈನ್ ತಂದಿಟ್ಟರು. ಬಣ್ಣ ಪುನರ್ಪುಳಿ ಶರಬತ್ತಿನಷ್ಟು ತಿಳಿ. ಗ್ಲಾಸಿನಾಚೆ ನನ್ನ ಬೆರಳುಗಳು ಕಾಣುತ್ತಿದ್ದವು. ಮೊದಲು ಚೆರಿ ಹಣ್ಣಿನ ವಾಸನೆ, ಗುಟುಕು ಇಳಿದ ಮೇಲೆ ಒದ್ದೆ ತರಗೆಲೆಯ ಘಮ. ಇಷ್ಟು ತೆಳ್ಳಗಿನದರಲ್ಲಿ ಇಷ್ಟೆಲ್ಲ ಹೇಗೆ ಅಡಗಿತ್ತೋ!

ಪಿನೋ ನ್ವಾರ್ ಬಯಸುವುದು ತಂಪನ್ನು ಮತ್ತು ತಾಳ್ಮೆಯ ಕೈಗಳನ್ನು. ಚಿಲಿಯ ಕಾಸಾಬ್ಲಾಂಕಾದಲ್ಲಿ ಪೆಸಿಫಿಕ್ ಕಡಲಿನ ಮಂಜು, ನ್ಯೂಜಿಲೆಂಡಿನ ಸೆಂಟ್ರಲ್ ಒಟಾಗೊದಲ್ಲಿ 45 ಡಿಗ್ರಿ ದಕ್ಷಿಣದ ಚಳಿರಾತ್ರಿ ಅದಕ್ಕೆ ಆ ತಂಪನ್ನು ಒದಗಿಸುತ್ತವೆ. ದುಬಾರಿಯಾಗುವುದು ಹೆಸರಾಂತ ಊರುಗಳ ಕೈಯಗಲದ ನೆಲ. ಹೋಗುವವರು ಬೋನ್‌ಗೆ ಖಂಡಿತ ಹೋಗಿ, ಆ ಗೋಡೆಗಳನ್ನು ಕಣ್ತುಂಬ ನೋಡಿ. ಕೊಳ್ಳುವಾಗ ಮಾತ್ರ ದಕ್ಷಿಣಕ್ಕೆ ಇನ್ನಷ್ಟು ಇಳಿದು ಮರ್ಕ್ಯುರೆ, ಜಿವ್ರಿ ಊರುಗಳಲ್ಲಿ ವಿಚಾರಿಸಿ. ಇಲ್ಲವೇ ರೈನ್ ದಾಟಿ, ಈರಿಂಗನ್‌ನ ಸಂಘದ ಮಳಿಗೆಯಲ್ಲಿ ಮೊದಲು ರುಚಿ ನೋಡಿ, ಆಮೇಲೆ ಚೀಟಿಯ ಮೇಲಿನ ಬೆಲೆ ನೋಡಿ.