ಹೊಸಿಲು ದಾಟುವ ದನಿ

ಎಂಬತ್ತು ದಾಟಿದ ನಮ್ಮ ಅತ್ತೆಯವರಿಗೆ ತಾಳಮದ್ದಳೆಯೆಂದರೆ ಪ್ರಾಣ. ಕಿವಿ ಮಂದವಾದ ಮೇಲೆ ಕಂಪ್ಯೂಟರಿನ ದನಿ ಏರುತ್ತಾ ಹೋಗಿ, ಕೃಷ್ಣಸಂಧಾನ ನಮ್ಮ ಬೀದಿಗೆಲ್ಲ ಕೇಳುತ್ತಿತ್ತು. ಮೊಮ್ಮಗಳಿಗೋ ಪರೀಕ್ಷೆಯ ದಿನಗಳು. ಕೊನೆಗೆ ಮನೆಗೆ ತಂತಿಯಿಲ್ಲದ ಹೆಡ್‌ಫೋನ್ ಬಂತು. ಹಳೆಯ ಕಂಪ್ಯೂಟರಿಗೆ ಬ್ಲೂಟೂತ್ ಇರಲಿಲ್ಲವಾದ್ದರಿಂದ ಉಗುರಿನಷ್ಟು ಪುಟ್ಟ ಅಡಾಪ್ಟರೊಂದನ್ನು ನೆಂಟರಿಂದ ಎರವಲು ತಂದೆವು.

ಕಂಪ್ಯೂಟರಿನ ಎದುರು ಕುಳಿತಷ್ಟು ಹೊತ್ತು ಎಲ್ಲ ಸೊಗಸು. ಅಡುಗೆಮನೆಯ ಹೊಸಿಲು ದಾಟಿದರೆ ಅರ್ಥಧಾರಿಯ ಮಾತು ತುಂಡು ತುಂಡು. "ನನ್ನ ಕಿವಿ ಪೂರ್ತಾ ಹೋಯ್ತೇನೋ ಮಾರಾಯ್ತಿ" ಎಂದರು ಅತ್ತೆ. ಕಿವಿ ಮಂದವಾದವರ ಸಂಕಟ ಇದೇ ನೋಡಿ. ಯಂತ್ರದ ಕೊರತೆಯನ್ನೂ ತಮ್ಮದೇ ಕೊರತೆಯೆಂದುಕೊಂಡು ಸುಮ್ಮನಾಗುತ್ತಾರೆ. ಬೇರೆ ಅಡಾಪ್ಟರ್ ತರಲೇಬೇಕೆಂದು ನಾನು ಹಟ ಹಿಡಿದದ್ದು ಆಗಲೇ.

"ಎಲ್ಲಾ ಒಂದೇ ಮೇಡಂ" ಎಂದ ಅಂಗಡಿಯ ಹುಡುಗ. ಒಂದೇ ಅಲ್ಲ. ಇವುಗಳಲ್ಲಿ ಪ್ರಸಾರದ ಬಲಕ್ಕೆ ತಕ್ಕ ತರಗತಿಗಳಿವೆ. ಎರಡನೆಯ ತರಗತಿಯದು ಹೆಚ್ಚೆಂದರೆ 2.5 ಮಿಲಿವ್ಯಾಟ್, ಸುಮಾರು 10 ಮೀಟರ್ ದೂರ. ಒಂದನೆಯದು 100 ಮಿಲಿವ್ಯಾಟಿನವರೆಗೆ, ಬಯಲಿನಲ್ಲಿ ಸುಮಾರು 100 ಮೀಟರ್. ನಮ್ಮ ಶಾಲೆಯಂತಲ್ಲ, ಇಲ್ಲಿ ಒಂದನೆಯ ತರಗತಿಯೇ ಹಿರಿದು! ಪೊಟ್ಟಣದ ಮೇಲೆ ದೊಡ್ಡದಾಗಿ ಬರೆದಿರುವ 5.0, 5.3 ಆವೃತ್ತಿಯ ಸಂಖ್ಯೆಗಳು. ಅವು ಹೆಚ್ಚಿದ ಮಾತ್ರಕ್ಕೆ ದೂರ ಹೆಚ್ಚೀತೆಂಬ ಖಾತ್ರಿಯಿಲ್ಲ.

ಬಯಲಿನ ಲೆಕ್ಕ ಮನೆಯೊಳಗೆ ನಡೆಯುವುದೂ ಇಲ್ಲ. ಬ್ಲೂಟೂತಿನದು 2.4 ಗಿಗಾಹರ್ಟ್ಸ್ ಅಲೆ. ನಮ್ಮ ಮನೆಯ ಜಂಬಿಟ್ಟಿಗೆಯ ದಪ್ಪ ಗೋಡೆ, ಕಬ್ಬಿಣದ ಬೀರು, ನೀರಿನಂಶವೇ ಹೆಚ್ಚಿರುವ ನಮ್ಮ ಮೈ ಎಲ್ಲವೂ ಅದಕ್ಕೆ ಅಡ್ಡಿ. ವೈಫೈ, ಮೈಕ್ರೋವೇವ್ ಒಲೆಗಳ ಗದ್ದಲವೂ ಅದೇ ಅಲೆಯ ಆಸುಪಾಸಿನಲ್ಲಿ. ಅಲ್ಲದೆ ಇದು ಇಬ್ಬರ ಮಾತುಕತೆ. ಅಡಾಪ್ಟರ್ ಎಷ್ಟೇ ಗಟ್ಟಿಯಾಗಿ ಕೂಗಲಿ, ಹೆಡ್‌ಫೋನಿನ ಮೆಲುದನಿಯ ಉತ್ತರ ತಿರುಗಿ ತಲುಪದಿದ್ದರೆ ಸಂಪರ್ಕ ಕಡಿಯುತ್ತದೆ. ಅದಕ್ಕೇ ಒಂದನೆಯ ತರಗತಿಯದು, ಅದರಲ್ಲೂ ಹೊರಗೆ ಆಂಟೆನಾ ಇರುವುದನ್ನು ಆರಿಸಿದೆ. ಆಂಟೆನಾ ಚೆನ್ನಾಗಿದ್ದರೆ ಹೇಳುವುದಕ್ಕೂ ಕೇಳುವುದಕ್ಕೂ ಒಳ್ಳೆಯದು.

ಜೊತೆಗೆ ಒಂದು ಯುಎಸ್‌ಬಿ ಉದ್ದತಂತಿಯನ್ನೂ ಕೊಂಡೆ. ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸಿದರೆ ಅದರ ತಗಡಿನ ಪೆಟ್ಟಿಗೆಯೇ ಮರೆಯಾಗುತ್ತದೆ, ಯುಎಸ್‌ಬಿ 3.0 ಕಿಂಡಿಗಳ ಪಕ್ಕದಲ್ಲಾದರೆ ಅವುಗಳ ಗದ್ದಲ ಬೇರೆ. ತಂತಿಯ ತುದಿಗೆ ಅಡಾಪ್ಟರ್ ಸಿಕ್ಕಿಸಿ, ಅಡುಗೆಮನೆಯ ಬಾಗಿಲಿಗೆ ಎದುರಾಗಿ ಕಪಾಟಿನ ಮೇಲಿಟ್ಟೆವು.

ಈಗ ಅತ್ತೆ ಕರ್ಣಪರ್ವ ಕೇಳುತ್ತ ಅಡುಗೆಮನೆಯಲ್ಲಿ ಬಸಳೆ ಸೋಸುತ್ತಾರೆ. ಬಾವಿಕಟ್ಟೆಯವರೆಗೆ ದನಿ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ನೀವು ಕೊಳ್ಳುವುದಾದರೆ ಬೆಲೆ ಕೇಳುವ ಮೊದಲು ಮನೆಯ ಹಿರಿಯರು ದಿನಕ್ಕೆ ಎಲ್ಲಿಂದ ಎಲ್ಲಿಗೆ ಓಡಾಡುತ್ತಾರೆ, ನಡುವೆ ಎಷ್ಟು ಗೋಡೆಗಳಿವೆ ಎಂದು ಎಣಿಸಿಕೊಂಡು ಹೋಗಿ. ಕೇಳಬೇಕಾದವರನ್ನು ಒಂದೇ ಕುರ್ಚಿಗೆ ಕಟ್ಟಿಹಾಕುವ ಅಡಾಪ್ಟರ್ ಎಷ್ಟು ಅಗ್ಗವಾದರೂ ದುಬಾರಿಯೇ.