ಏಕನಿಷ್ಠೆಯೂ ಲೋಕದ ಸೆಳೆತವೂ

ಲೋಕವು ಭಕ್ತನಿಗೆ ಶತ್ರುವಾಗಿ ಎದುರುನಿಲ್ಲುವುದು ಅಪರೂಪ. ಹೆಚ್ಚಾಗಿ ಅದು ಬಂಧುವಿನಂತೆ ಬಂದು, ಕೈಹಿಡಿದು, ಮೆಲ್ಲನೆ ದಾರಿ ತಪ್ಪಿಸುವುದು. ದೇವರ ಸೇವೆಯೂ ಧನದ ಸೇವೆಯೂ ಒಬ್ಬನಲ್ಲಿ ಕೂಡಿರಲಾರವೆಂಬ ಕ್ರಿಸ್ತನ ಬೋಧೆಗೆ ತಲೆದೂಗಿದವರು ಅಸಂಖ್ಯಾತರು. ಅದನ್ನು ಅಕ್ಷರಶಃ ನಡೆಯಿಸಿದವರು ಕೆಲವರು. ಆ ಕೆಲವರಲ್ಲಿ ಇಟಲಿಯ ಅಸ್ಸೀಸಿ ಪಟ್ಟಣದ ಫ್ರಾನ್ಸಿಸನು ಒಬ್ಬನು. ಆತನ ಬಾಳನ್ನೂ, ಆತನ ತರುವಾಯ ನಡೆದುದನ್ನೂ ಜತೆಯಲ್ಲಿಟ್ಟು ನೋಡಿದರೆ ಈ ಸೆಳೆತದ ಸೂಕ್ಷ್ಮತೆಯು ಮನವರಿಕೆಯಾಗುವುದು.

ಫ್ರಾನ್ಸಿಸನು 1181 ಅಥವಾ 1182ರಲ್ಲಿ ಪಿಯೆತ್ರೊ ಬೆರ್ನಾರ್ದೊನೆ ಎಂಬ ಸಿರಿವಂತ ಜವಳಿ ವರ್ತಕನ ಮಗನಾಗಿ ಹುಟ್ಟಿದನು. ಒಳ್ಳೆಯ ಉಡುಪು, ಗೆಳೆಯರ ಔತಣ, ಹಾಡು, ಇವುಗಳಲ್ಲಿ ಯೌವನವು ಕಳೆಯುತ್ತಿದ್ದಿತು. 1202ರಲ್ಲಿ ನೆರೆಯ ಪೆರೂಜಿಯದವರೊಡನೆ ನಡೆದ ಕಾಳಗದಲ್ಲಿ ಸೆರೆಸಿಕ್ಕಿ ಸುಮಾರು ಒಂದು ವರ್ಷ ಬಂದಿಯಾಗಿದ್ದನು. ಬಿಡುಗಡೆಯಾದ ಮೇಲೆ ರೋಗವು ಹಿಡಿಯಿತು. ಗುಣವಾದಾಗ ಹಿಂದಿನ ಸುಖಗಳು ರುಚಿಸಲಿಲ್ಲ. ಊರ ಹೊರಗೆ ಶಿಥಿಲವಾಗಿದ್ದ ಸಾನ್ ದಾಮಿಯಾನೊ ದೇವಾಲಯದ ಜೀರ್ಣೋದ್ಧಾರಕ್ಕಾಗಿ ತಂದೆಯ ಅಂಗಡಿಯ ಬಟ್ಟೆಯನ್ನೂ, ಏರಿಹೋಗಿದ್ದ ಕುದುರೆಯನ್ನೂ ಮಾರಿಬಿಟ್ಟನು. ತಂದೆಯು ಕೋಪಗೊಂಡು ದೂರಿತ್ತನು. 1206ರಲ್ಲಿ ಬಿಷಪರ ಸಮಕ್ಷಮದಲ್ಲಿ ಮಗನು ಹಣವನ್ನಷ್ಟೇ ಅಲ್ಲದೆ ಮೈಮೇಲಣ ಉಡುಪನ್ನೂ ಕಳಚಿ ತಂದೆಯ ಮುಂದಿರಿಸಿ, ಇನ್ನು ಪರಲೋಕದ ತಂದೆಯೊಬ್ಬನೇ ತನಗೆ ತಂದೆಯೆಂದು ಸಾರಿದನು. ಗಮನಿಸತಕ್ಕುದೇನೆಂದರೆ, ಮೊದಲು ಆತನು ದೇವರಿಗೆ ಕೊಡಹೋದುದು ಪರರ ಸೊತ್ತನ್ನು. ಬಿಷಪರ ಮುಂದೆ ಕೊಟ್ಟುದು ತನ್ನನ್ನೇ. ಪೂರ್ಣಹೃದಯದ ಭಕ್ತಿಯು ಆರಂಭವಾದುದು ಈ ಎರಡನೆಯ ಅರ್ಪಣೆಯಿಂದ.

ಆತನನ್ನು ಅನುಸರಿಸಿ ಬಂದವರು ಹಣವನ್ನು ಮುಟ್ಟಬಾರದು, ಕೈಯಾರೆ ದುಡಿಯಬೇಕು, ಸಾಲದೆಹೋದರೆ ಭಿಕ್ಷೆ ಬೇಡಬೇಕು, ಮನೆಯಾಗಲಿ ನೆಲವಾಗಲಿ ತಮ್ಮದೆನ್ನಬಾರದು ಎಂಬುದು ನಿಯಮ. 1223ರಲ್ಲಿ ಪೋಪ್ ಮೂರನೆಯ ಹೊನೋರಿಯಸರು ಇದಕ್ಕೆ ಸಮ್ಮತಿಯಿತ್ತರು. ಈ ಸೋದರರಿಗೆ ನೆಲೆಯಾಗಿದ್ದ ಪೋರ್ಸಿಯುಂಕುಲ ಎಂಬ ಪುಟ್ಟ ಗುಡಿಯು ಬೆನೆಡಿಕ್ಟನ ಪಂಥದ ಸಂನ್ಯಾಸಿಗಳದು. ಅದು ತಮ್ಮದಲ್ಲವೆಂಬುದನ್ನು ಮರೆಯದಿರಲು ಫ್ರಾನ್ಸಿಸನು ವರ್ಷಕ್ಕೊಮ್ಮೆ ಒಂದು ಬುಟ್ಟಿ ಮೀನನ್ನು ಒಡೆಯರಿಗೆ ಬಾಡಿಗೆಯಾಗಿ ಕಳುಹಿಸುತ್ತಿದ್ದನೆಂದು ಪರಂಪರೆಯ ಕಥೆಯುಂಟು. ಆ ಗುಡಿಯ ಬಳಿಯಲ್ಲಿಯೇ 1226ನೆಯ ಅಕ್ಟೋಬರ್ 3ರಂದು ಆತನು ದೇಹವನ್ನು ಬಿಟ್ಟನು.

ವಿಚಾರಕ್ಕೆ ಹೆಚ್ಚು ಎಡೆಕೊಡುವುದು ಅಲ್ಲಿಂದ ಮುಂದಣ ಕಥೆ. 1228ರಲ್ಲಿ ಫ್ರಾನ್ಸಿಸನು ಸಂತನೆಂದು ಘೋಷಿತನಾದನು. ಆತನ ಹೆಸರಿನ ಭವ್ಯ ದೇವಾಲಯಕ್ಕೆ ಅಸ್ತಿಭಾರವೂ ಆ ವರ್ಷವೇ ಬಿದ್ದಿತು. 1230ರಲ್ಲಿ ಪೋಪ್ ಒಂಬತ್ತನೆಯ ಗ್ರೆಗರಿಯವರು, ಸಂತನು ಸಾಯುವ ಮುನ್ನ ಬರೆಯಿಸಿದ ಆದೇಶಗಳು ಶಿಷ್ಯರನ್ನು ಕಟ್ಟಲಾರವೆಂದೂ, ಅವಶ್ಯಕತೆಗಾಗಿ ಬೇರೊಬ್ಬರ ಕೈಯಲ್ಲಿ ಹಣವಿರಬಹುದೆಂದೂ ತೀರ್ಪಿತ್ತರು. ಒಡೆತನವಿಲ್ಲ, ಉಪಯೋಗ ಮಾತ್ರವೆಂಬ ಸಮಾಧಾನವು ಬೆಳೆಯಿತು. ಕಣಜದಲ್ಲಿ ದವಸ ಕೂಡಿಡುವುದನ್ನು ಸಹಿಸದ ಕೆಲವರು ಹಿರಿಯರ ಆಜ್ಞೆಯನ್ನು ಮೀರಿ ನಿಂತರು. 1318ರಲ್ಲಿ ಮಾರ್ಸೇಲ್ ಪಟ್ಟಣದಲ್ಲಿ ಅಂತಹ ನಾಲ್ವರು ಜೀವಂತ ಸುಡಲ್ಪಟ್ಟರು. 1322ರಲ್ಲಿ ಪೋಪ್ ಇಪ್ಪತ್ತೆರಡನೆಯ ಜಾನರು, ಭುಜಿಸಿ ಮುಗಿಯುವ ವಸ್ತುವಿನಲ್ಲಿ ಒಡೆತನ ಬೇರೆ ಉಪಯೋಗ ಬೇರೆ ಎಂಬುದು ಸಲ್ಲದೆಂದು ವಾದಿಸಿದರು. ತ್ಯಾಗದ ಹೆಸರಿನಲ್ಲಿ ಹುಟ್ಟಿದ ಸಂಘವು ಸೊತ್ತಿನ ವ್ಯಾಜ್ಯದಲ್ಲಿ ನೂರು ವರ್ಷ ತೊಳಲಿತು.

ಇದನ್ನೆಲ್ಲ ಕಪಟವೆಂದು ಜರೆಯುವುದು ಸುಲಭ; ನ್ಯಾಯವಲ್ಲ. ರೋಗಿಗೆ ಔಷಧ ಬೇಕು, ಓದುವವನಿಗೆ ಗ್ರಂಥ ಬೇಕು, ಯಾತ್ರಿಕನಿಗೆ ನೆರಳು ಬೇಕು. ಸಡಿಲಿಕೆಗಳಿಗೆ ದಯೆಯ ಕಾರಣಗಳಿದ್ದುವು. ಸೆಳೆತವು ಪಾಪದ ಮುಖವಾಡದಿಂದಲ್ಲ, ಸದುದ್ದೇಶದ ಮುಖದಿಂದಲೇ ಬಂದಿತು. 1569ರಿಂದ 1679ರವರೆಗೆ ಪೋರ್ಸಿಯುಂಕುಲದ ಮೇಲೆಯೇ ದೊಡ್ಡ ದೇವಾಲಯವೊಂದನ್ನು ಕಟ್ಟಿದರು. ಇಂದಿಗೂ ಆ ಪುಟ್ಟ ಗುಡಿಯು ವಿಶಾಲವಾದ ಗುಮ್ಮಟದಡಿಯಲ್ಲಿ ನಿಂತಿರುವುದು. ಭಕ್ತಿಯೇ ಕಟ್ಟಿದ ಆ ವೈಭವದೊಳಗೆ ಸಂತನ ಬಡತನವನ್ನು ಹುಡುಕಿ ಕಾಣಬೇಕಾಗಿದೆ.

ಹಾಗಾದರೆ ಸಂಸಾರಿಗಳಿಗೆ ಗತಿಯೇನು? ಹೆಂಡತಿ ಮಕ್ಕಳನ್ನು ಬಿಡದೆ ಈ ದಾರಿಯನ್ನು ಹಿಡಿಯಬಯಸಿದವರಿಗಾಗಿ 1221ರಲ್ಲಿಯೇ ಒಂದು ನಿಯಮಾವಳಿಯು ಸಿದ್ಧವಾಗಿದ್ದಿತು. ಬಣ್ಣವಿಲ್ಲದ ಅಗ್ಗದ ಬಟ್ಟೆಯನ್ನು ಉಡುವುದು, ಸಾಲವನ್ನು ತೀರಿಸುವುದು, ನೆರೆಯವರೊಡನೆ ವೈರವನ್ನು ಮುಗಿಸುವುದು, ಆಯುಧವನ್ನು ಹಿಡಿಯದಿರುವುದು, ಉಯಿಲನ್ನು ತಡಮಾಡದೆ ಬರೆದಿಡುವುದು: ಇವು ಅದರಲ್ಲಿದ್ದ ಕಟ್ಟಳೆಗಳು. ಒಂದೂ ಅಸಾಧ್ಯವಾದುದಲ್ಲ, ಒಂದೂ ಹೊಗಳಿಕೆಯನ್ನು ತರುವಂತಹುದಲ್ಲ. ಬಹುಶಃ ಅದರಿಂದಲೇ ಅವು ಕಠಿನ. ಒಮ್ಮೆ ಎಲ್ಲವನ್ನೂ ಬಿಟ್ಟೆನೆಂಬ ನೆನಪು ಭಕ್ತನನ್ನು ಕಾಯಲಾರದು. ಬಿಟ್ಟುದು ಮರುದಿನವೇ ಬೇರೊಂದು ಬಾಗಿಲಿನಿಂದ ಒಳಬರುವುದು. ಮನೆಯಿರುವುದು ದೋಷವಲ್ಲ. ಮನೆಯ ಒಡೆಯನು ತಾನಲ್ಲವೆಂಬ ಅರಿವಿನಿಂದ ಆ ಒಂದು ಬುಟ್ಟಿ ಮೀನನ್ನು ಕಾಲಕಾಲಕ್ಕೆ ಸಲ್ಲಿಸುತ್ತಿರುವುದೇ ಏಕನಿಷ್ಠೆ.